ಪೀಲಾ: ಒಂದೇ ಚೌಕ, ಎರಡು ಕಾಫಿ ಅಂಗಡಿ

ಕೇಳುಗರಿಗೆ ನಮಸ್ಕಾರ.

ಕಾಫಿಯಿಂದಲೇ ಶುರು ಮಾಡೋಣ. ಉದ್ದ ಹಿಡಿಯ ಒಂದು ಪುಟ್ಟ ಪಾತ್ರೆ. ಅದರಲ್ಲಿ ಒಂದು ಬಟ್ಟಲು ನೀರು, ಹಿಟ್ಟಿನಷ್ಟು ನುಣ್ಣಗೆ ಬೀಸಿದ ಕಾಫಿಪುಡಿ, ಬೇಕಾದರೆ ಸಕ್ಕರೆ. ಎಲ್ಲವನ್ನೂ ಒಟ್ಟಿಗೇ ಹಾಕಿ ಸಣ್ಣ ಉರಿಯಲ್ಲಿ ಇಡುತ್ತಾರೆ. ನೊರೆ ಎದ್ದು ಇನ್ನೇನು ಉಕ್ಕಿತು ಅನ್ನುವಾಗ ಇಳಿಸಿಬಿಡಬೇಕು. ಹಾಲು ಹಾಕುವುದಿಲ್ಲ, ನಮ್ಮ ಹಾಗೆ ಸೋಸುವುದೂ ಇಲ್ಲ. ಚರಟ ತಳಕ್ಕೆ ಕೂರುವ ತನಕ ಕಾದು, ಗುಟುಕು ಗುಟುಕಾಗಿ ಕುಡಿಯುವುದು. ಸಕ್ಕರೆ ಹದವಾಗಿರಲಿ ಅನ್ನೋಕೆ ಗ್ರೀಕ್ ಮಾತಾಡುವವರು 'ಮೆಟ್ರಿಯೊ' ಅನ್ನುತ್ತಾರೆ, ಟರ್ಕಿಶ್ ಮಾತಾಡುವವರು 'ಓರ್ತಾ' ಅನ್ನುತ್ತಾರೆ.

ಈ ಎರಡೂ ಮಾತು ಒಂದೇ ಚೌಕದಲ್ಲಿ ಕೇಳಿಸುವ ಊರು ಸೈಪ್ರಸ್ ದ್ವೀಪದ ಪೀಲಾ. ಲಾರ್ನಕ ಪಟ್ಟಣದ ಹತ್ತಿರ ಇದೆ. ಚೌಕದಲ್ಲಿ ಗ್ರೀಕರ ಕಾಫಿ ಅಂಗಡಿ ಒಂದು, ಟರ್ಕರದು ಒಂದು. ಇಬ್ಬರೂ ಸೈಪ್ರಸ್‌ನವರೇ, ಮಾತಾಡುವ ಭಾಷೆ ಮಾತ್ರ ಬೇರೆ. ಒಂದು ಕಟ್ಟಡದ ಮೇಲೆ ವಿಶ್ವಸಂಸ್ಥೆಯ ಕಾವಲು ಠಾಣೆ. ಚೌಕದಲ್ಲಿ ಏನೇ ನಡೆದರೂ ಅಲ್ಲಿಂದ ಕಾಣುತ್ತದೆ.

ಇಂಥ ಬೆರಕೆ ಊರುಗಳು ಸೈಪ್ರಸ್‌ನಲ್ಲಿ ಅಪರೂಪ ಆಗಿರಲಿಲ್ಲ. 1960ರಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯ ಬಂದಾಗ ನೂರಕ್ಕೂ ಜಾಸ್ತಿ ಇದ್ದವು. 1963ರ ಡಿಸೆಂಬರ್‌ನಲ್ಲಿ ಗ್ರೀಕರಿಗೂ ಟರ್ಕರಿಗೂ ಗಲಭೆ ಶುರುವಾಯಿತು. ರಾಜಧಾನಿ ನಿಕೋಸಿಯಾದಲ್ಲಿ ಎರಡು ಕಡೆಯವರನ್ನು ಬೇರೆ ಮಾಡೋಕೆ ಬ್ರಿಟಿಷ್ ಸೇನಾಧಿಕಾರಿಯೊಬ್ಬರು ನಕ್ಷೆಯ ಮೇಲೆ ಹಸಿರು ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದರು, ಅದಕ್ಕೇ 'ಹಸಿರು ಗೆರೆ' ಅನ್ನೋ ಹೆಸರು ಬಂದಿದ್ದು. ಮುಂದಿನ ವರ್ಷ ವಿಶ್ವಸಂಸ್ಥೆಯ ಶಾಂತಿಪಡೆ ಬಂತು. ಅದೇ ವರ್ಷ ಅದರ ದಂಡನಾಯಕರಾಗಿ ಹೋದವರು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯ. 1965ರ ಡಿಸೆಂಬರ್‌ನಲ್ಲಿ, ಇನ್ನೂ ಆ ಕೆಲಸದಲ್ಲಿದ್ದಾಗಲೇ, ಅಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಕಾಫಿ ನಾಡಿನ ಮನುಷ್ಯ, ಅಷ್ಟು ದೂರದಲ್ಲಿ ಅಕ್ಕಪಕ್ಕದ ಮನೆಯವರು ಹೊಡೆದಾಡದಂತೆ ನೋಡಿಕೊಳ್ಳುತ್ತ ಜೀವ ಬಿಟ್ಟರಲ್ಲ ಅಂತ ನೆನೆದಾಗೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

1974ರಲ್ಲಿ ದ್ವೀಪವೇ ಎರಡಾಯಿತು. ಗ್ರೀಸ್‌ನ ಸೇನಾ ಆಡಳಿತದ ಬೆಂಬಲದಿಂದ ಜುಲೈ 15ರಂದು ಸೈಪ್ರಸ್‌ನಲ್ಲಿ ಸರ್ಕಾರ ಉರುಳಿಸಿದರು, ಐದೇ ದಿನಕ್ಕೆ ಟರ್ಕಿಯ ಸೇನೆ ಬಂದಿಳಿಯಿತು, ಆಮೇಲೆ ಉತ್ತರ ಭಾಗವನ್ನ ಹಿಡಿದುಕೊಂಡಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕರು ಉತ್ತರದಿಂದ ದಕ್ಷಿಣಕ್ಕೆ, 40 ಸಾವಿರಕ್ಕೂ ಹೆಚ್ಚು ಟರ್ಕರು ದಕ್ಷಿಣದಿಂದ ಉತ್ತರಕ್ಕೆ ಹೋದರು. ನಡುವೆ ಸುಮಾರು 180 ಕಿಲೋಮೀಟರ್ ಉದ್ದದ ಬಫರ್ ವಲಯ, ಅಂದರೆ ಶಾಂತಿಪಡೆ ಕಾಯುವ ನಡುಪಟ್ಟಿ, ಉಳಿಯಿತು. 2003ರ ಏಪ್ರಿಲ್ 23ರಂದು ಗೇಟುಗಳು ತೆರೆಯುವವರೆಗೆ, 29 ವರ್ಷ, ಹೆಚ್ಚಿನವರಿಗೆ ತಾವು ಬಿಟ್ಟುಬಂದ ಮನೆಯನ್ನ ಸುಮ್ನೆ ಒಂದು ಸಲ ನೋಡಿ ಬರೋಕೂ ಆಗಲಿಲ್ಲ.

ಪೀಲಾದವರು ಮಾತ್ರ ಎಲ್ಲಿಗೂ ಹೋಗಲಿಲ್ಲ. ಅವರ ಊರು ಬಫರ್ ವಲಯದ ಒಳಗೇ ಬಂತು, ಪಕ್ಕದಲ್ಲೇ ಬ್ರಿಟಿಷರ ಢೆಕೇಲಿಯಾ ಸೇನಾ ನೆಲೆ. ಆ ವಲಯದಲ್ಲಿ ಗ್ರೀಕರೂ ಟರ್ಕರೂ ಈಗಲೂ ಒಟ್ಟಿಗೆ ಇರುವ ಊರು ಇದೊಂದೇ.

ಪೀಲಾ ಅಂದರೆ ಪ್ರೀತಿಯ ಗೂಡು ಅಂತ ಬರೆಯುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಅಲ್ಲಿ ಚರ್ಚೂ ಇದೆ, ಮಸೀದಿಯೂ ಇದೆ, ಊರ ಮುಖ್ಯಸ್ಥರೂ ಇಬ್ಬರು. ಮುಖ್ತಾರ್ ಅನ್ನುತ್ತಾರೆ ಅವರನ್ನ. ಅದೆಲ್ಲ ಸರಿ. ಆದರೆ ಮಕ್ಕಳ ಶಾಲೆಗಳೂ ಬೇರೆ ಬೇರೆ. ಒಂದೇ ಬೀದಿಯ ಇಬ್ಬರು ಮಕ್ಕಳು ಬೆಳಗ್ಗೆ ಎದ್ದು ಬೇರೆ ಬೇರೆ ದಿಕ್ಕಿಗೆ ಹೋದರೆ, ದೊಡ್ಡವರಾದ ಮೇಲೆ ಮಾತಾಡೋಕೆ ಇಬ್ಬರಿಗೂ ಗೊತ್ತಿರುವ ಭಾಷೆಯಾದರೂ ಇರಬೇಕಲ್ವಾ? ನನಗೆ ಜಾಸ್ತಿ ನೋವಾಗುವುದು ಅಲ್ಲೇ. ಹಳಬರಿಗೆ ಆ ತೊಂದರೆ ಇರಲಿಲ್ಲ, ಎರಡೂ ಭಾಷೆ ಬಲ್ಲವರು ಅವರಲ್ಲಿ ಎಷ್ಟೋ ಜನ ಇದ್ದರು.

2023ರ ಆಗಸ್ಟ್ 18ರಂದು ಪೀಲಾ ಜಗತ್ತಿನ ಸುದ್ದಿಯಲ್ಲಿ ಬಂತು. ಪೀಲಾದ ಟರ್ಕರು ಉತ್ತರಕ್ಕೆ ಹೋಗಬೇಕಾದರೆ ಬ್ರಿಟಿಷ್ ನೆಲೆಯ ದಾರಿ ಹಿಡಿಯಬೇಕು, ತಪಾಸಣೆ ದಾಟಬೇಕು. ಅದನ್ನ ತಪ್ಪಿಸೋಕೆ ಉತ್ತರದ ಟರ್ಕರ ಆಡಳಿತ ತನ್ನ ಕಡೆಯ ಆರ್ಸೋಸ್ ಊರಿನಿಂದ ನೇರವಾಗಿ ಒಂದು ರಸ್ತೆ ಕಡಿಯಲು ಹೊರಟಿತು. ಶಾಂತಿಪಡೆಯವರು ವಾಹನಗಳನ್ನು ಅಡ್ಡ ನಿಲ್ಲಿಸಿದರು. ಬುಲ್ಡೋಜರ್‌ಗಳು ಅವನ್ನೂ ನೂಕಿದವು, ಪಡೆಯ ಮೂವರು ಆಸ್ಪತ್ರೆ ಸೇರಿದರು. ಅಕ್ಟೋಬರ್ ಹೊತ್ತಿಗೆ ಮಾತುಕತೆಯಲ್ಲಿ ಒಂದು ಒಪ್ಪಂದಕ್ಕೆ ಬಂದರು. ರಸ್ತೆ ಬೇಕು ಅನ್ನುವವರ ಕಷ್ಟ ನಿಜ. ಆ ರಸ್ತೆಯಲ್ಲಿ ನಾಳೆ ಟರ್ಕಿಯ ಸೈನ್ಯ ಬಂದರೆ ಅನ್ನುವವರ ಭಯವೂ ನಿಜ. ಒಂದು ಕಡೆ ಸೇರಿ ತೀರ್ಪು ಕೊಡೋಕೆ ನನಗಂತೂ ಮನಸ್ಸು ಬರುವುದಿಲ್ಲ.

ಆಮೇಲಿಂದ ಪೇಪರಿನಲ್ಲಿ ಪೀಲಾ ಹೆಸರು ಕಂಡರೆ ಮೊದಲು ಅದನ್ನೇ ಓದುತ್ತೇನೆ, ಆ ಎರಡೂ ಅಂಗಡಿ ಇನ್ನೂ ಬಾಗಿಲು ತೆರೆದಿವೆಯಾ ಅಂತ. ನಮಸ್ಕಾರ.