ಹಂದಿಮರಿಯ ಹೊಟ್ಟೆ ಮತ್ತು ಸೋಯಾ ಹಿಂಡಿ

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮುಂಚೆ ಈ ತಟ್ಟೆ ನೋಡಿ. ಒಂದು ಹಿಡಿ ಸೋಯಾ ಹಿಂಡಿ ಹರಡಿ, ಯೂರಿಯಾ ಮತ್ತು ಫೀನಾಲ್ ರೆಡ್ ಎಂಬ ಬಣ್ಣ ಬೆರೆಸಿದ ನೀರು ಚಿಮುಕಿಸಿದ್ದೇನೆ. ಇದು ಇಲ್ಲೇ ಇರಲಿ, ಆಮೇಲೆ ಬರೋಣ. ಇವತ್ತಿನ ಮಾತು ಮರಿಗಳಿಗೆ ಕೊಡುವ ಎಂಜೈಮ್ ಹಾಕಿ ಸಂಸ್ಕರಿಸಿದ ಸೋಯಾ ಹಿಂಡಿ ಬಗ್ಗೆ.

ತಾಯಿಯಿಂದ ಬೇರೆ ಮಾಡಿದ ನಾಲ್ಕನೇ ದಿನ ಬೆಳಿಗ್ಗೆ ಶೆಡ್ಡಿಗೆ ಹೋದರೆ ಏನು ಕಾಣುತ್ತದೆ, ನಿಮಗೆಲ್ಲ ಗೊತ್ತು. ಮರಿಗಳು ಒಂದರ ಮೇಲೊಂದು ಬಿದ್ದು ಮಲಗಿರುತ್ತವೆ. ಕೂದಲು ಒರಟಾಗಿ ನಿಂತಿರುತ್ತದೆ, ಬಾಲದ ಕೆಳಗೆ ಒದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಇದನ್ನು ಬರೀ ಸೋಂಕು ಅಂದುಕೊಂಡು ಔಷಧಿ ಬರೆಯುತ್ತಿದ್ದೆ. ಫೀಡ್ ಚೀಲದ ಕಡೆ ನೋಡುತ್ತಲೇ ಇರಲಿಲ್ಲ. ಎಷ್ಟೋ ಮರಿಗಳು ಅದಕ್ಕೆ ಸೊರಗಿದವು.

ನಿನ್ನೆವರೆಗೆ ಮರಿ ಕುಡಿದದ್ದು ಹಾಲು. ಹೊಟ್ಟೆಗೆ ಹೋದ ಹಾಲು ಮೊಸರಿನಂತೆ ಗಟ್ಟಿಯಾಗಿ ನಿಧಾನಕ್ಕೆ ಜೀರ್ಣವಾಗುತ್ತದೆ. ಇವತ್ತು ಏಕಾಏಕಿ ಒಣ ಫೀಡ್. ಹೊಟ್ಟೆಯಲ್ಲಿ ಪ್ರೋಟೀನ್ ಕತ್ತರಿಸುವ ಎಂಜೈಮ್, ಅಂದರೆ ಜೀರ್ಣರಸ, ಪೆಪ್ಸಿನ್. ಅದು ಚೆನ್ನಾಗಿ ಕೆಲಸ ಮಾಡಲು ಹುಳಿಯ ಅಳತೆಯಾದ ಪಿಎಚ್ 2ರಿಂದ 3.5ರ ಒಳಗಿರಬೇಕು; ಪಿಎಚ್ ಕಡಿಮೆಯಾದಷ್ಟೂ ಆಮ್ಲ ಜಾಸ್ತಿ. ಎಳೆ ಮರಿಯ ಹೊಟ್ಟೆಯಲ್ಲಿ ಅಷ್ಟು ಆಮ್ಲ ಇನ್ನೂ ಬರುವುದಿಲ್ಲ.

ಸೋಯಾ ಹಿಂಡಿಯಲ್ಲಿ ಶೇಕಡಾ 44ರಿಂದ 48ರಷ್ಟು ಪ್ರೋಟೀನ್ ಇದೆ, ಸರಿ. ಆದರೆ ಅದರ ಜೊತೆ ತೊಂದರೆಗಳೂ ಬರುತ್ತವೆ. ಟ್ರಿಪ್ಸಿನ್ ಇನ್‌ಹಿಬಿಟರ್ ಎಂಬ ಅಂಶವು ಪ್ರೋಟೀನ್ ಕತ್ತರಿಸುವ ಟ್ರಿಪ್ಸಿನ್ ರಸವನ್ನೇ ಕಟ್ಟಿಹಾಕುತ್ತದೆ. ಗ್ಲೈಸಿನಿನ್, ಬೀಟಾ ಕಾಂಗ್ಲೈಸಿನಿನ್ ಎಂಬ ದೊಡ್ಡ ಪ್ರೋಟೀನುಗಳು ಕೆಲವು ಮರಿಗಳಿಗೆ ಅಲರ್ಜಿ ತರಿಸುತ್ತವೆ. ಕರುಳಿನ ಒಳಗೋಡೆ ಟರ್ಕಿ ಟವೆಲ್ ಥರ ಇರುತ್ತದೆ, ಅಲ್ವಾ? ಆ ಎಳೆಗಳು ಗಿಡ್ಡವಾಗಿಬಿಡುತ್ತವೆ. ಹೀರುವ ಜಾಗವೇ ಕಡಿಮೆ. ಸೋಯಾದಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಎಂಜೈಮ್ ಹಂದಿಯ ಹತ್ತಿರ ಇಲ್ಲವೇ ಇಲ್ಲ. ಜೀರ್ಣವಾಗದೆ ಉಳಿದದ್ದೆಲ್ಲ ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ. ಗ್ಯಾಸ್, ಅಮೋನಿಯಾ, ಆಮೇಲೆ ಭೇದಿ.

ಎಂಜೈಮ್ ಸಂಸ್ಕರಣೆ ಅಂದರೆ ಈ ಜೀರ್ಣದ ಕೆಲಸದ ಒಂದು ಪಾಲನ್ನು ಕಾರ್ಖಾನೆಯಲ್ಲೇ ಮುಗಿಸುವುದು. ಹಿಂಡಿಯನ್ನು ತೇವ ಮಾಡಿ, ಎಂಜೈಮ್ ಬೆರೆಸಿ, ಬೆಚ್ಚಗೆ ಇಟ್ಟು, ಒಣಗಿಸುತ್ತಾರೆ. ಆ ಸಕ್ಕರೆಗಳು, ಇನ್‌ಹಿಬಿಟರ್, ಅಲರ್ಜಿ ತರಿಸುವ ಪ್ರೋಟೀನುಗಳು ಎಲ್ಲವೂ ತಗ್ಗುತ್ತವೆ.

ಎಷ್ಟು ಜೀರ್ಣವಾಯಿತು ಅಂತ ಸಗಣಿ ನೋಡಿ ಹೇಳಲಾಗದು. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅಮೈನೋ ಆಮ್ಲಗಳನ್ನು, ಅಂದರೆ ಪ್ರೋಟೀನಿನ ತುಣುಕುಗಳನ್ನು, ಬದಲಿಸಿಬಿಡುತ್ತವೆ, ಅಲ್ಲಿಂದ ಮರಿಗೆ ಅವು ಸಿಗುವುದೂ ಇಲ್ಲ. ಅದಕ್ಕೇ ಸಣ್ಣ ಕರುಳಿನ ಕೊನೆಗೆ ಶಸ್ತ್ರಚಿಕಿತ್ಸೆ ಮಾಡಿ 'ಟಿ' ಆಕಾರದ ನಳಿಕೆ ಕೂರಿಸುತ್ತಾರೆ. ಅದರ ಬಾಯಿಗೆ ಕಟ್ಟಿದ ಪುಟ್ಟ ಚೀಲದಲ್ಲಿ ಬಂದದ್ದನ್ನು ಅಳೆಯುತ್ತಾರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಾಮಾನ್ಯ ಹಿಂಡಿ, ಹುದುಗಿಸಿದ್ದು, ಎಂಜೈಮ್ ಹಾಕಿದ್ದು, ಮೀನಿನ ಪುಡಿ, ಹಾಲಿನ ಪ್ರೋಟೀನ್ ಆದ ಕೇಸೀನ್ ಎಲ್ಲವನ್ನೂ ಎಳೆ ಹಂದಿಗಳಲ್ಲಿ ಹೀಗೇ ಹೋಲಿಸಿದರು. ಸೋಯಾ ಬರಬೇಕಾದದ್ದು ಮೀನಿನ ಪುಡಿ, ಹಾಲಿನ ಪ್ರೋಟೀನಿನ ಜಾಗಕ್ಕೆ ಅನ್ನುವುದು ಈ ಪಟ್ಟಿಯಿಂದಲೇ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಒಣಗಿಸುವಾಗ ಬಿಸಿ ಜಾಸ್ತಿಯಾದರೆ ಮರಿ ಬೆಳೆಯಲು ಬೇಕಾದ ಲೈಸಿನ್ ಎಂಬ ಅಮೈನೋ ಆಮ್ಲ ಸಕ್ಕರೆ ಜೊತೆ ಅಂಟಿಕೊಳ್ಳುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ಪ್ರೋಟೀನ್ ಸರಿಯಾಗೇ ಇರುತ್ತದೆ, ಮರಿ ಮಾತ್ರ ಬೆಳೆಯುವುದಿಲ್ಲ. ಹಿಂಡಿ ಕಡು ಕಂದು ಬಣ್ಣಕ್ಕೆ ತಿರುಗಿದ್ದರೆ ಸುಮ್ನೆ ತಂದು ಹಾಕಬೇಡಿ.

ಬೀದರ್, ಬೆಳಗಾವಿ ಕಡೆ ಸೋಯಾ ಬೆಳೆಯುವವರು ಇಲ್ಲಿದ್ದರೆ ಒಂದು ಮಾತು. ಹಸಿ ಕಾಳು ಬೀಸಿ ಮರಿಗೆ ಹಾಕಬೇಡಿ, ದಯವಿಟ್ಟು. ಎಂಜೈಮ್ ಹಿಂಡಿ ದುಬಾರಿ, ತಾಯಿಯಿಂದ ಬೇರೆ ಮಾಡಿದ ಮೊದಲ ಎರಡು ಮೂರು ವಾರಕ್ಕೆ ಮಾತ್ರ ಕೊಡಿ. ಆಮೇಲೆ ಸಾಮಾನ್ಯ ಹಿಂಡಿಯನ್ನು ಸ್ವಲ್ಪ ಸ್ವಲ್ಪವೇ ಏರಿಸಿ.

ಈಗ ತಟ್ಟೆಗೆ ಬನ್ನಿ. ಅಲ್ಲಲ್ಲಿ ಕೆಂಪು ಚುಕ್ಕೆ ಎದ್ದಿವೆ, ನೋಡಿ. ಅಂದರೆ ಯೂರಿಯಾ ಒಡೆಯುವ ಸೋಯಾದ ಎಂಜೈಮ್ ಯೂರಿಯೇಸ್ ಅಲ್ಲಿ ಇನ್ನೂ ಜೀವಂತ ಇದೆ. ಬಿಸಿಗೆ ಅದು ಸಾಯುವಾಗಲೇ ಟ್ರಿಪ್ಸಿನ್ ಇನ್‌ಹಿಬಿಟರ್ ಕೂಡ ಸಾಯುತ್ತದೆ. ತಟ್ಟೆ ಪೂರ್ತಿ ಕೆಂಪಾದರೆ ಆ ಹಿಂಡಿ ಬೆಂದಿಲ್ಲ ಅಂತ ಅರ್ಥ. ಇದು ಅಷ್ಟು ಕೆಟ್ಟದ್ದಲ್ಲ. ನೀವು ತಂದಿರುವ ಹಿಂಡಿ ಕೊಡಿ, ಒಂದೊಂದಾಗಿ ನೋಡೋಣ.