ಕ್ಲಾವರ್ ರಾಣಿಯನ್ನು ಹುಡುಕಲು ಹೋಗಬೇಡಿ

ಈ ಮಳೆಯಲ್ಲೂ ತೀರ್ಥಹಳ್ಳಿ, ಸಾಗರದ ಕಡೆಯಿಂದ ಬ್ರಿಜ್ ಕಲಿಯಲು ಶಿವಮೊಗ್ಗಕ್ಕೆ ಬಂದಿದ್ದೀರಿ, ತುಂಬಾ ಖುಷಿಯಾಯಿತು. ನಿಮ್ಮಲ್ಲಿ ಹಲವರು ಇಪ್ಪತ್ತೆಂಟು ಅನ್ನುವ ಇಸ್ಪೀಟಾಟ ಆಡಿ ಬೆಳೆದವರು. ಅಲ್ಲಿ ಗುಲಾಮ ದೊಡ್ಡವನು, ಬ್ರಿಜ್‌ನಲ್ಲಿ ಎಕ್ಕ ದೊಡ್ಡದು. ಆದರೆ ಜೊತೆಗಾರ, ತುರುಫು, ಕೂಗುವುದು ಇವೆಲ್ಲ ನಿಮಗೆ ಹೊಸದಲ್ಲ. ಇಸ್ಪೀಟು ಅಂದರೆ ಜೂಜು ಅನ್ನುವವರು ಮನೆಯಲ್ಲಿದ್ದರೆ 2018ರ ಜಕಾರ್ತಾ ಏಷ್ಯನ್ ಗೇಮ್ಸ್ ನೆನಪಿಸಿ. ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ನಮ್ಮ ದೇಶಕ್ಕೆ ಬ್ರಿಜ್‌ನಲ್ಲೇ ಚಿನ್ನ ತಂದರು.

ಇವತ್ತು ಡಿಕ್ಲೇರರ್ ಆಟದ ಬಗ್ಗೆ ಮಾತಾಡೋಣ. ಕೂಗಿನಲ್ಲಿ ಗೆದ್ದು, ತನ್ನ ಕೈಯ ಜೊತೆಗೆ ಮೇಜಿನ ಮೇಲೆ ತೆರೆದಿಟ್ಟ ಜೊತೆಗಾರನ ಕೈಯನ್ನೂ (ಅದೇ ಡಮ್ಮಿ) ಆಡುವವರೇ ಡಿಕ್ಲೇರರ್. ಕಾಣದ ದೊಡ್ಡ ಎಲೆ ಇಂಥ ಎದುರಾಳಿಯ ಹತ್ತಿರ ಇದೆ ಅಂತ ನಂಬಿ, ಅದಕ್ಕಿಂತ ಚಿಕ್ಕ ಎಲೆಯಿಂದಲೇ ಟ್ರಿಕ್ (ಒಂದು ಸುತ್ತು) ಗೆಲ್ಲಲು ನೋಡುವುದು ಫಿನೆಸ್. ಅದನ್ನು ಕಲಿತವರಿಗೆ ಒಂದು ಅಭ್ಯಾಸ ಬಿದ್ದುಬಿಡುತ್ತದೆ. ರಾಣಿ ಕಾಣಲಿಲ್ಲವೋ, ತಕ್ಷಣ ಫಿನೆಸ್. ಅದು ಗೆಲ್ಲುವುದು ನೂರಕ್ಕೆ ಐವತ್ತು ಸಲ ಮಾತ್ರ. ಒಳ್ಳೆಯ ಆಟಗಾರರು ಮೊದಲು ಕೇಳಿಕೊಳ್ಳುವುದೇ ಬೇರೆ: ಈ ಸೂಟನ್ನು (ಇಸ್ಪೀಟು, ಆಟೀನು, ಡೈಮಂಡ್, ಕ್ಲಾವರ್‌ಗಳಲ್ಲಿ ಒಂದನ್ನು) ಎದುರಾಳಿಯ ಕೈಯಿಂದಲೇ ಶುರು ಮಾಡಿಸಬಹುದಾ?

ಒಂದು ಕೈ ನೋಡಿ. ನೀವು ದಕ್ಷಿಣ, ಕಾಂಟ್ರಾಕ್ಟ್ ನಾಲ್ಕು ಇಸ್ಪೀಟು, ಅಂದರೆ ಇಸ್ಪೀಟು ತುರುಫು, ಹದಿಮೂರರಲ್ಲಿ ಹತ್ತು ಟ್ರಿಕ್ ಗೆಲ್ಲಬೇಕು. ನಿಮ್ಮಲ್ಲಿ ಇಸ್ಪೀಟು ಎಕ್ಕ, ರಾಜ, ರಾಣಿ, 9, 4. ಆಟೀನು ಎಕ್ಕ, 6. ಡೈಮಂಡ್ 8, 5, 2. ಕ್ಲಾವರ್ ಎಕ್ಕ, 10, 4. ಡಮ್ಮಿಯಲ್ಲಿ ಇಸ್ಪೀಟು ಗುಲಾಮ, 10, 7, 3. ಆಟೀನು ರಾಜ, 5. ಡೈಮಂಡ್ 9, 7, 3. ಕ್ಲಾವರ್ ರಾಜ, ಗುಲಾಮ, 6, 2. ಪಶ್ಚಿಮದವರು ಆಟೀನು ರಾಣಿ ಇಳಿಸುತ್ತಾರೆ.

ಡೈಮಂಡ್‌ನಲ್ಲಿ ಮೂರು ಟ್ರಿಕ್ ಹೋಗುವುದು ಖಂಡಿತ. ಕ್ಲಾವರ್‌ನಲ್ಲಿ ಒಂದೂ ಹೋಗಬಾರದು. ರಾಣಿ ಯಾರ ಹತ್ತಿರ ಇದ್ದರೂ ಫಿನೆಸ್ ಮಾಡಬಹುದು, ಆದರೆ ಯಾವ ಕಡೆಗೆ? ಇಲ್ಲೇ ಜಾಸ್ತಿ ಜನ ಕಣ್ಮುಚ್ಚಿ ಆಡಿಬಿಡುತ್ತಾರೆ.

ಹಾಗೆ ಮಾಡಬೇಡಿ. ಆಟೀನು ಗೆದ್ದು ಮೊದಲು ತುರುಫು ಎಳೆಯಿರಿ. ಹೊರಗಿರುವ ನಾಲ್ಕು ತುರುಫು 2-2 ಅಥವಾ 3-1 ಆಗಿ ಹಂಚಿಹೋಗುವುದು ನೂರಕ್ಕೆ ತೊಂಬತ್ತು ಸಲ. ಆಮೇಲೆ ಆಟೀನಿನ ಎರಡನೇ ದೊಡ್ಡ ಎಲೆಯನ್ನೂ ಆಡಿ. ಈಗ ನಿಮ್ಮ ಎರಡೂ ಕೈಯಲ್ಲಿ ಆಟೀನು ಖಾಲಿ, ಆದರೆ ತುರುಫು ಇನ್ನೂ ಉಳಿದಿದೆ. ಇನ್ನು ಡೈಮಂಡ್ ಆಡಿ ಸುಮ್ನೆ ಕೂತುಕೊಳ್ಳಿ.

ಎದುರಾಳಿಗಳು ಮೂರು ಡೈಮಂಡ್ ಹೊಡೆದುಕೊಳ್ಳುತ್ತಾರೆ. ಆಮೇಲೆ? ಕ್ಲಾವರ್ ಇಳಿಸಿದರೆ ರಾಣಿ ತಾನಾಗಿಯೇ ಸಿಕ್ಕಿಬೀಳುತ್ತಾಳೆ. ಆಟೀನು ಅಥವಾ ಡೈಮಂಡ್ ಇಳಿಸಿದರೆ ಡಮ್ಮಿಯಲ್ಲಿ ತುರುಫು ಹೊಡೆದು, ನಿಮ್ಮ ಕೈಯಿಂದ ಕ್ಲಾವರ್ 4 ಬಿಸಾಕಿ. ಆಮೇಲೆ ಕ್ಲಾವರ್ ರಾಜ, ಎಕ್ಕ, ಉಳಿದ ತುರುಫು ಎಣಿಸಿ: ಹತ್ತು ಟ್ರಿಕ್. ರಾಣಿ ಎಲ್ಲಿದ್ದಳು ಅನ್ನುವುದು ನಿಮಗೆ ಬೇಕಾಗಲೇ ಇಲ್ಲ, ಅಲ್ವಾ? ಇದಕ್ಕೇ ಥ್ರೋ-ಇನ್ ಅನ್ನುತ್ತಾರೆ. ಆಟೀನಿನ ಆ ಎರಡನೇ ಎಲೆ ಆಡಲು ಮರೆತರೆ ಮಾತ್ರ ಎಲ್ಲ ಕೆಡುತ್ತದೆ. ಎದುರಾಳಿ ಆರಾಮಾಗಿ ಆಟೀನು ಇಳಿಸಿ ಪಾರಾಗುತ್ತಾನೆ.

ಎದುರಾಳಿ ತನಗೆ ಬೇಕಾದ ಎಲೆಯನ್ನೇ ಬಿಡುವ ಹಾಗೆ ಮಾಡುವುದು ಸ್ಕ್ವೀಜ್. ಅದಕ್ಕೆ ಹೆದರುವವರು ಬಹಳ. ಕೊನೆಯ ಮೂರು ಎಲೆ ನೋಡಿದರೆ ಹೆದರಿಕೆ ಹೋಗುತ್ತದೆ. ಡಮ್ಮಿಯಲ್ಲಿ ಆಟೀನು ಎಕ್ಕ, ಗುಲಾಮ, ಕ್ಲಾವರ್ ರಾಜ. ಪಶ್ಚಿಮದಲ್ಲಿ ಆಟೀನು ರಾಜ, ರಾಣಿ, ಕ್ಲಾವರ್ ಎಕ್ಕ. ನಿಮ್ಮ ಹತ್ತಿರ ಇಸ್ಪೀಟು ಎಕ್ಕ, ಎರಡು ಚಿಲ್ಲರೆ ಎಲೆ: ಒಂದು ಆಟೀನು, ಒಂದು ಕ್ಲಾವರ್. ಇಸ್ಪೀಟು ಎಕ್ಕ ಇಳಿಸಿ. ಪಶ್ಚಿಮದವರು ಕ್ಲಾವರ್ ಎಕ್ಕ ಬಿಟ್ಟರೆ ನಿಮ್ಮ ರಾಜ ಗೆಲ್ಲುತ್ತಾನೆ. ಆಟೀನು ಬಿಟ್ಟರೆ ಗುಲಾಮ ಗೆಲ್ಲುತ್ತಾನೆ. ಡಮ್ಮಿ ಅವರ ನಂತರ ಎಲೆ ಬಿಡುತ್ತದೆ, ಗುಟ್ಟು ಅದೇ. ಸ್ಕ್ವೀಜ್ ಮಾಡಲು ಸಾಮಾನ್ಯವಾಗಿ ಒಂದು ಟ್ರಿಕ್ ಬಿಟ್ಟು ಉಳಿದದ್ದೆಲ್ಲ ನಿಮ್ಮದಾಗಿರಬೇಕು. ಅದಕ್ಕೇ ಸೋಲಲೇಬೇಕಾದ ಟ್ರಿಕ್ಕುಗಳನ್ನು ಮೊದಲೇ ಕೊಟ್ಟುಬಿಡುತ್ತಾರೆ.

ಇನ್ನು ಎಣಿಕೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಮೊದಲ ಕೈಯನ್ನೇ ಮತ್ತೆ ತೆಗೆದುಕೊಳ್ಳಿ. ಎದುರಾಳಿಗಳು ಶುರುವಿನಲ್ಲೇ ಮೂರು ಡೈಮಂಡ್ ಹೊಡೆದು ಆಟೀನು ಇಳಿಸಿದರೆ ಥ್ರೋ-ಇನ್ ಆಗುವುದಿಲ್ಲ, ರಾಣಿಯನ್ನು ನೀವೇ ಹುಡುಕಬೇಕು. ಆಗ ಯಾರ ಕೈಯಲ್ಲಿ ಎಷ್ಟು ಇಸ್ಪೀಟು, ಆಟೀನು, ಡೈಮಂಡ್ ಇತ್ತು ಎಣಿಸಿ. ಹದಿಮೂರರಲ್ಲಿ ಉಳಿದದ್ದು ಕ್ಲಾವರ್. ಹೊರಗಿನ ಆರು ಕ್ಲಾವರ್‌ನಲ್ಲಿ ಒಬ್ಬರಿಗೆ ನಾಲ್ಕು, ಇನ್ನೊಬ್ಬರಿಗೆ ಎರಡು ಅಂತ ಗೊತ್ತಾದರೆ, ನಾಲ್ಕು ಇರುವವರ ಹತ್ತಿರ ರಾಣಿ ಇರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು.

ಈಗ ನಾಲ್ಕು ಜನ ಒಂದೊಂದು ಮೇಜಿಗೆ ಕೂತು ಆ ಕೈಯನ್ನು ಎರಡೂ ರೀತಿ ಆಡೋಣ.