ಕರಾರು ಸಂಖ್ಯೆ ಎಲ್ಲಿ?

ಕೇಳುಗರೆಲ್ಲರಿಗೂ ನಮಸ್ಕಾರ. ಐಟಿಐ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು ಮತ್ತು ಅವರ ಅಪ್ಪ ಅಮ್ಮ ಸ್ವಲ್ಪ ರೇಡಿಯೊ ಹತ್ತಿರ ಬನ್ನಿ. ಇವತ್ತು ಅಪ್ರೆಂಟಿಸ್ ತರಬೇತಿಯ, ಅಂದರೆ ಕಾರ್ಖಾನೆಯಲ್ಲಿ ದುಡಿಯುತ್ತಲೇ ಕಸುಬು ಕಲಿಯುವ ತರಬೇತಿಯ ವಿಷಯ.

1961ರ ಅಪ್ರೆಂಟಿಸ್ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ 30 ಜನ ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಾರ್ಖಾನೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನೀವು ಯಾರ ಶಿಫಾರಸಿಗೂ ಅಲೆಯಬೇಕಿಲ್ಲ. ಅಪ್ರೆಂಟಿಸ್‌ಶಿಪ್ ಇಂಡಿಯಾ ಡಾಟ್ ಗವ್ ಡಾಟ್ ಇನ್ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ ಆಧಾರ್ ಕೊಟ್ಟು ನೋಂದಾಯಿಸಿ, ನಿಮ್ಮ ಟ್ರೇಡ್, ಅಂದರೆ ಕಲಿತ ಕಸುಬು, ಮತ್ತು ಜಿಲ್ಲೆ ನೋಡಿ ಅರ್ಜಿ ಹಾಕಿ. ಬಹಳ ಜನ ಎಡವುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಇನಿಷಿಯಲ್ ಕೊನೆಗೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮೊದಲಿಗೆ. ಅರ್ಜಿ ಹಾಕುವ ಮೊದಲೇ ಆಧಾರ್ ತಿದ್ದಿಸಿ.

ಕಂಪನಿ ಒಪ್ಪಿದ ಮೇಲೆ ಅದೇ ಪೋರ್ಟಲ್‌ನಲ್ಲಿ ಒಂದು ಕರಾರು ಸಿದ್ಧವಾಗುತ್ತದೆ. ಟ್ರೇಡ್, ಶುರುವಾಗುವ ದಿನ, ಮುಗಿಯುವ ದಿನ, ಸ್ಟೈಪೆಂಡ್ ಅಂದರೆ ತಿಂಗಳ ತರಬೇತಿ ಭತ್ಯೆ, ಎಲ್ಲ ಅದರಲ್ಲಿರುತ್ತದೆ. ನೀವು ಲಾಗಿನ್ ಆಗಿ, ಓದಿ, ಒಪ್ಪಿಗೆ ಕೊಡಬೇಕು. ಅದಕ್ಕೊಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆ ಇಲ್ಲದಿದ್ದರೆ ನೀವು ಅಪ್ರೆಂಟಿಸ್ ಅಲ್ಲ.

ಫಿಟ್ಟರ್ ಮುಗಿಸಿದ ಒಬ್ಬ ಹುಡುಗನ ಕಥೆ ಕೇಳಿ. ಏಜೆಂಟನೊಬ್ಬ ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡು ಅವನನ್ನು ಒಂದು ಕಾರ್ಖಾನೆಗೆ ಸೇರಿಸಿದ. ಹುಡುಗ ಒಳ್ಳೆಯ ಕೆಲಸಗಾರ. ಬೆಳಿಗ್ಗೆಯಿಂದ ಸಂಜೆವರೆಗೆ ವೈಸ್ ಮುಂದೆ ನಿಂತು ಫೈಲಿಂಗ್, ಡ್ರಿಲ್ಲಿಂಗ್, ಟ್ಯಾಪಿಂಗ್ ಮಾಡಿದ. ವರ್ನಿಯರ್ ಹಿಡಿದು ಅಳತೆ ಹೇಳುವುದರಲ್ಲಿ ಹಳಬರನ್ನೂ ಮೀರಿಸಿದ. ವರ್ಷ ಮುಗಿಯಿತು, ಕಂಪನಿಯ ಲೆಟರ್‌ಹೆಡ್‌ನಲ್ಲಿ ಅನುಭವದ ಪತ್ರ ಸಿಕ್ಕಿತು, ಮನೆಯವರೆಲ್ಲ ಖುಷಿಪಟ್ಟರು. ಆಮೇಲೆ ಒಂದು ಹುದ್ದೆಗೆ ಅರ್ಜಿ ಹಾಕಿದಾಗ ಎನ್‌ಎಸಿ, ಅಂದರೆ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಕೇಳಿದರು. ಪೋರ್ಟಲ್‌ನಲ್ಲಿ ಅವನ ಹೆಸರಿನ ಕರಾರೇ ಇರಲಿಲ್ಲ. ಕರಾರಿಲ್ಲ, ಹಾಗಾಗಿ ತರಬೇತಿಯ ಕೊನೆಯ ಪರೀಕ್ಷೆ ಇಲ್ಲ, ಪ್ರಮಾಣಪತ್ರವೂ ಇಲ್ಲ. ಕಳೆದ ವರ್ಷಕ್ಕೆ ಈಗ ಕರಾರು ಬರೆಸಲು ಬರುವುದಿಲ್ಲ. ಕಾನೂನಿನ ಕಣ್ಣಲ್ಲಿ ಅವನು ಕಾರ್ಮಿಕ, ಅವನಿಗೆ ಕನಿಷ್ಠ ವೇತನ ಕೊಡಬೇಕಿತ್ತು. ಅದನ್ನೂ ಕೊಟ್ಟಿರಲಿಲ್ಲ. ಛಾಪಾ ಕಾಗದ ಎಷ್ಟು ರೂಪಾಯಿಯದಾದರೂ ಪೋರ್ಟಲ್‌ನ ಕರಾರಿಗೆ ಸಮವಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮಕ್ಕಳು ಛಾಪಾ ಕಾಗದವನ್ನೇ ತಂದು ತೋರಿಸುತ್ತಾರೆ. ದಯವಿಟ್ಟು ಮೊದಲ ದಿನವೇ ಕೇಳಿ: ಸರ್, ನನ್ನ ಕರಾರು ಸಂಖ್ಯೆ ಎಷ್ಟು?

ಸಮಯ ಓಡುತ್ತಿದೆ, ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. 2019ರ ನಿಯಮದಲ್ಲಿ ಐಟಿಐ ಪ್ರಮಾಣಪತ್ರ ಇದ್ದವರಿಗೆ ತಿಂಗಳಿಗೆ ಕನಿಷ್ಠ 7000 ರೂಪಾಯಿ ಸ್ಟೈಪೆಂಡ್ ಎಂದಿದೆ. ಅದರಲ್ಲಿ ಶೇಕಡ 25, ಹೆಚ್ಚೆಂದರೆ 1500 ರೂಪಾಯಿ, ಕೇಂದ್ರ ಸರ್ಕಾರದಿಂದ ನೇರ ನಿಮ್ಮ ಖಾತೆಗೆ ಬರುತ್ತದೆ. ಉಳಿದದ್ದು ಕಂಪನಿಯದು. ಕಂಪನಿಯ ಹಣ ಬಂತು, ಸರ್ಕಾರದ್ದು ಬರಲಿಲ್ಲ ಎಂದರೆ ಆಧಾರ್ ಸೀಡಿಂಗ್, ಅಂದರೆ ಸರ್ಕಾರದ ಹಣ ಬರುವಂತೆ ಖಾತೆಗೆ ಆಧಾರ್ ಜೋಡಿಸುವುದು, ಆಗಿದೆಯೇ ನೋಡಿ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಸೀಡಿಂಗ್ ಆಗುವುದಿಲ್ಲ. ನೇರ ಹಣ ವರ್ಗಾವಣೆಗೆ ಸೀಡಿಂಗ್ ಮಾಡಿ ಎಂದು ಬಾಯಿಬಿಟ್ಟು ಹೇಳಿ, ಫಾರಂ ಕೊಡಿ. ಎರಡು ಖಾತೆ ಇದ್ದರೆ ಕೊನೆಗೆ ಸೀಡಿಂಗ್ ಆದ ಖಾತೆಗೇ ಹಣ ಹೋಗುತ್ತದೆ. ಎಷ್ಟೋ ಮಕ್ಕಳ ಹಣ ಸ್ಕಾಲರ್‌ಶಿಪ್‌ಗೆಂದು ತೆರೆದ ಹಳೆಯ ಖಾತೆಯಲ್ಲಿ ಕೂತಿರುತ್ತದೆ. ಮೈ ಆಧಾರ್ ಜಾಲತಾಣದಲ್ಲಿ ಯಾವ ಬ್ಯಾಂಕು ಎಂದು ತೋರಿಸುತ್ತದೆ. ಆಧಾರ್‌ಗೆ ಕೊಟ್ಟ ಮೊಬೈಲ್ ಚಾಲ್ತಿಯಲ್ಲಿರಬೇಕು, ಒಟಿಪಿ ಅದಕ್ಕೇ ಬರುವುದು.

ಡಿಪ್ಲೊಮಾ, ಎಂಜಿನಿಯರಿಂಗ್ ಮುಗಿಸಿದವರಿಗೆ ನ್ಯಾಟ್ಸ್ ಎಂಬ ಬೇರೆ ಪೋರ್ಟಲ್ ಇದೆ. ಅಲ್ಲಿಯೂ ಕರಾರು ಬೇಕೇ ಬೇಕು.

ಅಮ್ಮಂದಿರೇ, ಮಗ ಕಾರ್ಖಾನೆಯಿಂದ ಬಂದ ಕೂಡಲೇ ಊಟಕ್ಕೆ ಏನು ಕೊಟ್ಟರು ಎಂದು ಕೇಳುತ್ತೀರಿ. ಕರಾರು ಸಂಖ್ಯೆಯನ್ನೂ ಕೇಳಿ, ಕ್ಯಾಲೆಂಡರ್ ಮೇಲೆ ಬರೆದಿಡಿ. ಇಲ್ಲ ಎಂದರೆ ಮಾರನೆಯ ದಿನವೇ ಹತ್ತಿರದ ಸರ್ಕಾರಿ ಐಟಿಐಗೆ ಕಳಿಸಿ, ಅಲ್ಲಿ ಪ್ರಾಂಶುಪಾಲರನ್ನು ಕಾಣಲಿ. ನಮಸ್ಕಾರ.